ಸೇತುವೆಯಡಿಯ ದಾಟುವಿಕೆಯನ್ನು ಸಕ್ರಮಗೊಳಿಸುವ ಬಗ್ಗೆ

“ಕೆಳಗಿಂದ ಹೋದ್ರೂ ದಾಟಿದ ಹಾಗೇ ಅಲ್ವಾ?”

ಎಂದು ಶೆನ್ ಗೆನ್‌ದಿ ಎಂಬ ವೃದ್ಧೆಯು ದೋಣಿಯ ಮೂತಿಯಲ್ಲಿ ಕುಳಿತು, ನೀರನ್ನಲ್ಲದೆ ಬೇರೆ ಯಾರನ್ನೂ ನೋಡದೆ ಕೇಳಿದ್ದು, ಸದರಿ ಪ್ರಶ್ನೆಗೆ ಸ್ಥಳದಲ್ಲಿದ್ದ ಯಾರೂ ಉತ್ತರಿಸದ ಕಾರಣ ಸಲ್ಲಿಸಲಾಗುತ್ತಿರುವ ಅರ್ಜಿ.

ಇಂದ,
ಗೂ ಮಿನ್‌ಫೆನ್, ಮೇಲ್ಕಂಡ ಶೆನ್ ಗೆನ್‌ದಿಯವರ ಒಬ್ಬಳೇ ಮಗಳು,
ಪ್ರವಾಸಿ ಮಾರ್ಗದರ್ಶಿ (ನಡಿಗೆ ಮತ್ತು ದೋಣಿ),
ಹಳೆಯ ಕಾಲುವೆ ಬೀದಿ, ಸುಝೌ ನಗರ.

ಗೆ,
ಮಾನ್ಯ ಕ್ಷೇತ್ರಪಾಲ ತಾತನವರು,
ಚಿರಾಯು ಸೇತುವೆಯ ಬುಡದ ಗುಡಿ, ಸುಝೌ ನಗರ.
(ಸೂಕ್ತ ಮಾರ್ಗದಲ್ಲಿ ನಗರದೇವರ ಮುಖಾಂತರ ಯಮರಾಜರ ಕಚೇರಿಯ ಆಯುಷ್ಯ ವಿಭಾಗಕ್ಕೆ ರವಾನಿಸಲು ಕೋರಿ)

ವಿಷಯ: ಮೂರನೆಯ ಸೇತುವೆಯ ಮೇಲೆ ಹೋಗಬೇಕಾದವರು ಕೆಳಗೆ ಹೋಗಿದ್ದು, ಅದನ್ನು ಮೇಲೆ ಹೋದದ್ದೆಂದೇ ಪರಿಗಣಿಸುವ ಕುರಿತು.

ಉಲ್ಲೇಖ: 1. ಅರವತ್ತಾರು ತುಂಬಿದವರು ಮೂರು ಸೇತುವೆ ದಾಟುವ ಊರ ಪದ್ಧತಿ.
2. ಇದೇ ವಿಷಯವಾಗಿ ಅರ್ಜಿದಾರಳು ತಮ್ಮ ಗುಡಿಯ ಮುಂದೆ ಸಲ್ಲಿಸಿದ ಮೌಖಿಕ ಮನವಿಗಳು (ಉತ್ತರ ಬಂದಿರುವುದಿಲ್ಲ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಸನ್ನಿಧಿಯಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

1. ತಾವು ಬಲ್ಲಂತೆ, ಈ ಊರಿನಲ್ಲಿ ಅರವತ್ತಾರು ತುಂಬಿದವರು ಹುಟ್ಟುಹಬ್ಬದ ಮಧ್ಯಾಹ್ನ ಉಂಡೆದ್ದು ಮೂರು ಸೇತುವೆಗಳನ್ನು ಕ್ರಮವಾಗಿ, ಬಂದ ದಾರಿಗೆ ಮತ್ತೆ ಕಾಲಿಡದೆ ದಾಟತಕ್ಕದ್ದು. ಮೊದಲನೆಯದು ನೆಮ್ಮದಿ ಸೇತುವೆ. ಎರಡನೆಯದು ಸೌಭಾಗ್ಯ ಸೇತುವೆ. ಮೂರನೆಯದು, ತಾವು ಯಾವುದರ ಬುಡದಲ್ಲಿ ವಿರಾಜಮಾನರಾಗಿರುವಿರೋ ಆ ಚಿರಾಯು ಸೇತುವೆ. ಅರ್ಜಿದಾರಳ ಅಜ್ಜಿ ಹೇಳಿಕೊಟ್ಟದ್ದೂ, ಈಗ ಅರ್ಜಿದಾರಳು ಪ್ರವಾಸಿಗರಿಗೆ ದಿನವೂ ಮೈಕಿನಲ್ಲಿ ಹೇಳುವುದೂ ಆದ ಪದ್ಯ ಹೀಗಿದೆ:

ಮೊದಲ ಕಲ್ಲು ದಾಟಿದರೆ ಮೈಯ ನೋವು ಹಿಂದುಳಿವುದು,
ಎರಡನೆಯದು ದಾಟಿದರೆ ಮನೆಯ ಒಲೆ ಆರದಿಹುದು,
ಮೂರನೆಯ ಮೆಟ್ಟಿಲೇರಿ ಹಿಂದಿರುಗಿ ನೋಡದಿರೆ
ನರೆತ ತಲೆಯ ಮೇಲೆ ಇನ್ನೂ ನೂರು ಹೂವು ಅರಳುವುದು.

ಪದ್ಯದಲ್ಲಿ ಮೆಟ್ಟಿಲಿನ ಮಾತಿದೆ, ನೀರಿನ ಮಾತಿಲ್ಲ. ಈ ಅರ್ಜಿಯ ತೊಡಕು ಇಷ್ಟೇ.

2. ಇದಕ್ಕೂ ಮೊದಲು, ಅರವತ್ತಾರನೆಯ ಹುಟ್ಟುಹಬ್ಬಕ್ಕೆ ಮಗಳಾದವಳು ಹಂದಿಮಾಂಸವನ್ನು ಅರವತ್ತಾರು ತುಂಡು ಮಾಡಿ ಬೇಯಿಸಿ ಬಡಿಸಬೇಕೆಂಬ ನಿಯಮವನ್ನು ಅರ್ಜಿದಾರಳು ಪಾಲಿಸಿರುತ್ತಾಳೆ. ತಾಯಿಯವರು ಅದನ್ನು ಕಷಾಯ ಕುಡಿದಂತೆ ತಿಂದು ಮುಗಿಸಿರುತ್ತಾರೆ. ಒಂದು ತುಂಡನ್ನು ಪಕ್ಕದ ಮನೆಯ ಬೆಕ್ಕಿಗೆ ಹಾಕಿದರೆಂಬ ದೂರು ತಮ್ಮ ಕಚೇರಿಗೆ ಬಂದಿದ್ದಲ್ಲಿ, ಅದು ಆಧಾರರಹಿತ. ಬೆಕ್ಕು ತಾನಾಗಿಯೇ ತಿಂದಿದೆ.

3. ಈ ಸೇತುವೆಗಳ ವಿಷಯವನ್ನು ಅರ್ಜಿದಾರಳು ಇಷ್ಟೊಂದು ಹಚ್ಚಿಕೊಂಡದ್ದಕ್ಕೆ ಕಾರಣವಿದೆ. ಅರ್ಜಿದಾರಳ ತಂದೆ ಈ ಕಾಲುವೆಯಲ್ಲಿ ಅಂಬಿಗರಾಗಿದ್ದರು. ಅವರಿಗೆ ಅರವತ್ತಾರು ತುಂಬುವ ಮೊದಲೇ, ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅಂದಿನಿಂದ ತಾಯಿಯವರು ಕಿಟಕಿಯ ಬಳಿಯ ಕುರ್ಚಿಯನ್ನು ಬಿಟ್ಟು ಏಳುತ್ತಿರಲಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದರು, ಇಡದಿದ್ದರೆ ಕೇಳುತ್ತಿರಲಿಲ್ಲ. ಬೇಸಿಗೆಯಲ್ಲಿ ಒಂದು ದಿನ ತಮ್ಮ ಹತ್ತಿ ತುಂಬಿದ ಕೋಟನ್ನು ಎದುರುಮನೆಯವರಿಗೆ ಕೊಟ್ಟುಬಿಟ್ಟರು. ಚಳಿಗಾಲಕ್ಕೆ ಏನು ಹಾಕಿಕೊಳ್ಳುತ್ತೀ ಎಂದು ಅರ್ಜಿದಾರಳು ಕೇಳಿದಾಗ, “ಚಳಿಗಾಲ ಬಂದಾಗ ನೋಡ್ಕೊಂಡ್ರಾಯ್ತು ಬಿಡು” ಎಂದರು. ಹಾಗೆಂದವರ ದನಿಯಲ್ಲಿ ಚಳಿಗಾಲದ ನಿರೀಕ್ಷೆ ಇರಲಿಲ್ಲ. ಆದ್ದರಿಂದ ಮೂರನೆಯ ಸೇತುವೆಯನ್ನು ಹೇಗಾದರೂ ಮಾಡಿ ದಾಟಿಸಲೇಬೇಕೆಂದು ಅರ್ಜಿದಾರಳು ನಿರ್ಧರಿಸಿದಳು.

4. ಆದರೆ ಹುಟ್ಟುಹಬ್ಬವು ರಾಷ್ಟ್ರೀಯ ದಿನದ ರಜೆಗಳ ನಡುವೆ ಬಿದ್ದಿತು. ಆ ದಿನಗಳಲ್ಲಿ ದೇಶವೆಲ್ಲ ಎದ್ದು ಬಂದು ನಮ್ಮ ಸೇತುವೆಗಳ ಮೇಲೆ ನಿಲ್ಲುತ್ತದೆಂಬುದು ತಾವು ಕಣ್ಣಾರೆ ಕಂಡದ್ದು. ಅರ್ಜಿದಾರಳು ಅರ್ಧ ದಿನದ ರಜೆ ಕೇಳಿದ್ದಕ್ಕೆ ಮೇಲ್ವಿಚಾರಕರು ಕೊಟ್ಟ ಸಲಹೆ ಹೀಗಿತ್ತು: ನಮ್ಮ ಮಧ್ಯಾಹ್ನದ ನಡಿಗೆ ಅದೇ ಮೂರು ಸೇತುವೆ ದಾಟುತ್ತದೆ, ಅದೇ ಕ್ರಮದಲ್ಲಿ, ತಾಯಿಗೂ ಒಂದು ಹಳದಿ ಟೋಪಿ ಹಾಕಿ ಗುಂಪಿನಲ್ಲಿ ಸೇರಿಸಿಕೋ. ಪುಣ್ಯವೂ ಆಯಿತು, ಕೆಲಸವೂ ಆಯಿತು. ಸಲಹೆಯಲ್ಲಿ ಆಗ ಯಾವ ದೋಷವೂ ಕಾಣಲಿಲ್ಲ.

5. ಅದರಂತೆ ತಾಯಿಯವರು ಹಳದಿ ಟೋಪಿ ಧರಿಸಿ, ತಾವು ಹುಟ್ಟಿ ಬೆಳೆದ ಬೀದಿಯಲ್ಲಿ ಪ್ರವಾಸಿಯಾಗಿ ಹೊರಟರು. ನೆಮ್ಮದಿ ಸೇತುವೆಯನ್ನು ವಿಧಿವತ್ತಾಗಿ ದಾಟಲಾಯಿತು. ಅಲ್ಲಿ ಉತ್ತರದ ಕಡೆಯಿಂದ ಬಂದ ಧಡೂತಿ ಗೃಹಸ್ಥರೊಬ್ಬರು, ಸೇತುವೆಗೆ ಲಿಫ್ಟ್ ಇಲ್ಲವೇ ಎಂದು ವಿಚಾರಿಸಿದರು. ತಾಯಿಯವರು ಅವರ ತೋಳು ಹಿಡಿದು, “ಬನ್ನಿ ತಮ್ಮಾ, ನಾನೇ ನಿಮ್ಮ ಲಿಫ್ಟು” ಎಂದರು. ತಂದೆಯವರು ಹೋದ ಮೇಲೆ ತಾಯಿಯವರು ತಮಾಷೆ ಮಾಡಿದ್ದನ್ನು ಅರ್ಜಿದಾರಳು ಕೇಳಿದ್ದು ಅದೇ ಮೊದಲಾದ್ದರಿಂದ, ಕ್ಷಣಕಾಲ ಪದ್ಯ ಮರೆತುಹೋಯಿತು. ಸೌಭಾಗ್ಯ ಸೇತುವೆಯನ್ನೂ ವಿಧಿವತ್ತಾಗಿ ದಾಟಲಾಯಿತು.

6. ಸೌಭಾಗ್ಯ ಸೇತುವೆ ಇಳಿದರೆ ದೋಣಿಕಟ್ಟೆ. ನಡೆದು ದಣಿದವರು ಅಲ್ಲಿಂದಲೇ ದೋಣಿ ಹತ್ತಬಹುದು; ಉಳಿದವರು ಚಿರಾಯು ಸೇತುವೆಯನ್ನು ನಡೆದು ದಾಟಿ ಆಚೆ ಕಡೆ ದೋಣಿ ಸೇರಬೇಕು. ಧಡೂತಿ ಗೃಹಸ್ಥರು ಮೊದಲು ಹತ್ತಿದರು. ಅಂಬಿಗ ಆಶುಯ್, ಅಂದರೆ ತಂದೆಯವರ ಜೊತೆ ಇದೇ ನೀರಿನಲ್ಲಿ ಹುಟ್ಟು ಹಾಕಿ ಮುದುಕರಾದವರು, ತಾಯಿಯವರನ್ನು ಕಂಡು ಅಕ್ಕ ಬಂದ್ರಾ ಎಂದು ಮಾತಿಗೆಳೆದದ್ದನ್ನು ಅರ್ಜಿದಾರಳು ಕಂಡಿದ್ದಾಳೆ. ಅಲ್ಲಿಗೆ ಕಂಡದ್ದು ಮುಗಿಯಿತು.

7. ಏಕೆಂದರೆ ಮಾರ್ಗದರ್ಶಿಯಾದವಳು ಹೆಜ್ಜೆ ಹೆಜ್ಜೆಗೂ ಹಿಂದಿರುಗಿ ಟೋಪಿಗಳನ್ನು ನೋಡಬೇಕು ಎಂಬುದು ಕೆಲಸದ ನಿಯಮ. ಮೂರನೆಯ ಸೇತುವೆ ಏರುವವಳು ಹಿಂದಿರುಗಿ ನೋಡಬಾರದು ಎಂಬುದು ತಮ್ಮ ನಿಯಮ. ಬೇರೆ ದಿನಗಳಲ್ಲಿ ಅರ್ಜಿದಾರಳು ಕೆಲಸದ ನಿಯಮವನ್ನೇ ಪಾಲಿಸುತ್ತಾಳೆ, ಇದನ್ನು ತಾವು ಈವರೆಗೆ ದೊಡ್ಡದು ಮಾಡಿಲ್ಲ. ಅಂದು ಮಾತ್ರ ತಾಯಿಯ ಹೆಸರಿನಲ್ಲಿ ಹೊರಟ ನಡಿಗೆಯಾದ್ದರಿಂದ ತಮ್ಮ ನಿಯಮವನ್ನು ಪಾಲಿಸಿದಳು. ಬಾವುಟ ಎತ್ತಿ ಹಿಡಿದು, ಕತ್ತನ್ನು ಅತ್ತಿತ್ತ ತಿರುಗಿಸದೆ, ಭಕ್ತಿಯಿಂದ ಒಂದೊಂದೇ ಮೆಟ್ಟಿಲೇರಿದಳು. ಸೇತುವೆಯ ನಡುನೆತ್ತಿಯಲ್ಲಿ ನಿಂತು, ನೂರು ಹೂವು ಅರಳುವ ಸಾಲನ್ನು ಮೈಕಿನಲ್ಲಿ ಹೇಳಿದಳು. ಆ ಸಾಲು ಹೇಳುತ್ತಿದ್ದಾಗಲೇ ತಾಯಿಯವರು ಆಕೆಯ ಪಾದದಡಿಯಲ್ಲಿ ದೋಣಿಯಲ್ಲಿ ಹೋಗುತ್ತಿದ್ದರು.

8. ಆಚೆ ಇಳಿದು ಟೋಪಿ ಎಣಿಸಿದರೆ, ದೋಣಿ ಹತ್ತಿದವರನ್ನು ಬಿಟ್ಟೂ ಒಂದು ಕಡಿಮೆ. ಅಷ್ಟರಲ್ಲಿ ಕಮಾನಿನ ಕತ್ತಲೆಯಿಂದ ದೋಣಿಯ ಮೂತಿ ಹೊರಬಂತು. ಮೂತಿಯಲ್ಲಿ ತಾಯಿ. ಗೃಹಸ್ಥರು ಕೊಟ್ಟ ಕಲ್ಲಂಗಡಿ ಬೀಜವನ್ನು ಹಲ್ಲಿನಲ್ಲಿ ಸೀಳಿ ತಿನ್ನುತ್ತಿದ್ದರು. ಅರ್ಜಿದಾರಳ ಕೈಯಲ್ಲಿದ್ದ ಮೈಕನ್ನು ಇನ್ನೂ ಆರಿಸಿರದ ಕಾರಣ, ಮುಂದಿನ ಮಾತುಕತೆ ಇಡೀ ಬೀದಿಗೆ ಕೇಳಿಸಿರುತ್ತದೆ, ತಮಗೂ ಕೇಳಿಸಿರಬಹುದು. ಆದರೂ ದಾಖಲೆಗಾಗಿ:

“ಅಮ್ಮಾ, ನೀನ್ಯಾಕೆ ದೋಣೀಲಿದ್ದೀ?”

“ಮಂಡಿ ಹಿಡ್ಕೊಂಡಿತ್ತು ಕಣೇ, ಸ್ವಲ್ಪ ಕೂತೆ. ದೋಣಿ ಹೊರಟ್ತು.”

“ದೋಣಿ ತಾನಾಗೇ ಹೊರಡುತ್ತಾ?”

“ಹೊರಡಪ್ಪಾ ಅಂದೆ. ಹೊರಟ್ತು.”

ಇಡೀ ವರ್ಷಕ್ಕೆ, ಇಡೀ ಆಯುಷ್ಯಕ್ಕೆ ಒಂದೇ ಸಲ ಬರುವ ದಿನ ಹೀಗೆ ಹಾಳಾಯಿತಲ್ಲ ಎಂದು ಅರ್ಜಿದಾರಳು ಬಾವುಟವನ್ನು ನೆಲಕ್ಕೆ ಎಸೆದಳು. ಆಗ ತಾಯಿಯವರು ನೀರಿನ ಕಡೆ ಮುಖ ತಿರುಗಿಸಿ, ಈ ಅರ್ಜಿಯ ತಲೆಯ ಮೇಲೆ ನಮೂದಿಸಿರುವ ಪ್ರಶ್ನೆಯನ್ನು ಕೇಳಿದರು.

9. ಈ ಬಗ್ಗೆ ಅರ್ಜಿದಾರಳು ಅಂಬಿಗ ಆಶುಯ್ ಅವರನ್ನು ಮರುದಿನ ವಿಚಾರಣೆಗೆ ಒಳಪಡಿಸಿದಳು. ಮೊದಲು ಅವರು, ದೋಣಿಗೆ ಬಂದವರನ್ನು ಇಳಿಸುವುದು ತಮ್ಮ ಕೆಲಸವಲ್ಲ ಎಂದು ಜಾರಿಕೊಂಡರು. ಆಮೇಲೆ ಹುಟ್ಟು ಒರೆಸುತ್ತಾ ಹೇಳಿದ್ದು:

“ಕಮಾನಿನ ಕೆಳಗೆ ಬಂದಾಗ ಅಕ್ಕ ನಿಲ್ಸು ಅಂದ್ರು. ನಿಲ್ಸಿದೆ. ಮೇಲಿನ ಕಲ್ಲಿಗೆ ಕೈ ಇಟ್ರು. ಅಲ್ಲಿ ನಮ್ಮ ಅಂಬಿಗರ ಅಂಗೈ ತಾಗಿ ತಾಗಿ ಕಲ್ಲು ನುಣ್ಣಗಾಗಿದೆ ಕಣಮ್ಮ. ನೀರು ಏರಿದ ದಿನ ಹುಟ್ಟು ಒಳಗೆಳ್ಕೊಂಡು ಕೈಯಿಂದಾನೇ ದೂಡ್ಕೊಂಡು ಹೋಗ್ಬೇಕು. ನಿಮ್ಮಪ್ಪ ದೂಡಿದ್ದೂ ಅಲ್ಲೇ. ಅಕ್ಕ ಸುಮ್ನೆ ಕೈ ಇಟ್ಕೊಂಡಿದ್ರು. ನಾನು ಹುಟ್ಟು ಎತ್ತಿ ಹಿಡ್ಕೊಂಡೆ. ಆ ದಪ್ಪ ಮನುಷ್ಯನೂ ಬೀಜ ಸೀಳೋದು ನಿಲ್ಸಿದ, ಪಾಪ.”

“ಆಮೇಲೆ ಏನಂದ್ರು?”

“ಹಸಿವಾಗ್ತಿದೆ ಅಂದ್ರು.”

ಅರವತ್ತಾರು ತುಂಡು ಮಾಂಸ ತಿಂದು ಎದ್ದ ಬೆನ್ನಿಗೇ ಈ ಮಾತು ಬಂದಿರುವುದನ್ನು ತಾವು ದಯಮಾಡಿ ಗಮನಿಸಬೇಕು.

10. ತದನಂತರದ ಬೆಳವಣಿಗೆಗಳು ಪ್ರಕರಣವನ್ನು ಇನ್ನಷ್ಟು ಜಟಿಲಗೊಳಿಸಿವೆ. ತಾಯಿಯವರು ಈಗ ದಿನವೂ ಎದ್ದು, ತಲೆಗೆ ನೀಲಿ ವಸ್ತ್ರ ಕಟ್ಟಿಕೊಂಡು, ಆಶುಯ್ ಅವರ ದೋಣಿಯ ಮೂತಿಯಲ್ಲಿ ಹೋಗಿ ಕೂರುತ್ತಾರೆ. ಕಮಾನು ಬಂದಾಗ ಪ್ರವಾಸಿಗರಿಗೆ “ತಲೆ ಬಗ್ಸಿ, ತಲೆ ಬಗ್ಸಿ, ಈ ಸೇತುವೆ ದೊಡ್ಡೋರು ಚಿಕ್ಕೋರು ಅಂತ ನೋಡಲ್ಲ” ಎನ್ನುತ್ತಾರೆ. ಯಾವ ಮನೆಯ ಮೆಟ್ಟಿಲಲ್ಲಿ ಯಾವ ಸೊಸೆ ಅತ್ತೆಯ ಬಟ್ಟೆ ತೊಳೆಯುತ್ತಾ ಬೈಯುತ್ತಿದ್ದಳೆಂದು ಹೇಳಿ ನಗಿಸುತ್ತಾರೆ. ಮನೆಗೆ ಬಂದು ಅನ್ನ ಎಲ್ಲಿ ಎಂದು ಕೇಳುತ್ತಾರೆ. ಸಂಜೆ ಪಕ್ಕದ ಮನೆಯವರೊಂದಿಗೆ ಜಗಳವಾಡಿದ್ದೂ ಉಂಟು.

ಇದರಿಂದ ಅರ್ಜಿದಾರಳ ಆತಂಕ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಕಾರಣ, ಕುರ್ಚಿಯಲ್ಲಿ ಕುಳಿತಿದ್ದಾಗ ತಾಯಿಯವರು ಆಯುಷ್ಯವನ್ನು ಅಷ್ಟಾಗಿ ಬಳಸುತ್ತಿರಲಿಲ್ಲ. ಈಗ ಯಥೇಚ್ಛವಾಗಿ ಬಳಸುತ್ತಿದ್ದಾರೆ. ಮಂಜೂರಾತಿ ಇಲ್ಲದೆ ಬಳಸುತ್ತಿದ್ದಾರೆ. ಆಯುಷ್ಯ ವಿಭಾಗದ ಗುಮಾಸ್ತರು ಯಾರಾದರೂ ತಪಾಸಣೆಗೆ ಬಂದು, ಈ ಹೆಂಗಸು ಮೂರನೆಯ ಸೇತುವೆಯನ್ನು ದಾಟಿದ್ದಕ್ಕೆ ಪುರಾವೆ ಎಲ್ಲಿ ಎಂದು ಕೇಳಿದರೆ ಮಗಳಾದವಳು ಏನೆಂದು ಉತ್ತರಿಸಬೇಕು?

11. ಪದ್ಧತಿ ಬಲ್ಲ ಸೋದರತ್ತೆಯನ್ನು ವಿಚಾರಿಸಲಾಗಿ, ಹುಟ್ಟುಹಬ್ಬದ ತಿಂಗಳು ಮುಗಿಯುವುದರೊಳಗೆ ಮೂರನ್ನೂ ಮತ್ತೊಮ್ಮೆ ಮೊದಲಿನಿಂದ ನಡೆದರೆ ತಾವು ಈ ಲೋಪವನ್ನು ಕಂಡೂ ಕಾಣದಂತಿರಬಹುದು ಎಂದರು. ಜೊತೆಗೆ, ತಾಯಿಯನ್ನು ಕೈಹಿಡಿದು ದಾಟಿಸಲಾಗದವಳು ಊರವರಿಗೆಲ್ಲ ದಾರಿ ತೋರಿಸುತ್ತಾಳಂತೆ ಎಂದೂ ಹೇಳಿದರು. ಎರಡನೆಯ ಮಾತು ಈ ಅರ್ಜಿಗೆ ಸಂಬಂಧಿಸಿದ್ದಲ್ಲ. ಮೊದಲನೆಯದನ್ನು ತಾಯಿಯವರಲ್ಲಿ ಪ್ರಸ್ತಾಪಿಸಿದಾಗ, ಈ ತಿಂಗಳೆಲ್ಲ ದೋಣಿಯಲ್ಲಿ ಜನ ಜಾಸ್ತಿ, ಮುಂದೆ ನೋಡೋಣ ಎಂದರು. ಮುಂದೆ ಎಂಬ ಶಬ್ದವನ್ನು ತಾಯಿಯವರು ಬಹಳ ದಿನಗಳ ಮೇಲೆ ಬಳಸಿದ್ದರಿಂದ ಅರ್ಜಿದಾರಳು ಆ ವಿಷಯವನ್ನು ಅಲ್ಲಿಗೇ ಬಿಟ್ಟಳು. ತಿಂಗಳು ಈಗ ಮುಗಿಯುತ್ತಾ ಬಂದಿದೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ಸದರಿ ಪ್ರಕರಣವನ್ನು ಸಹಾನುಭೂತಿಯಿಂದ ಪರಿಶೀಲಿಸಿ,

(ಅ) ಸೇತುವೆ ಒಂದೇ, ಮೇಲಿನ ಕಲ್ಲೂ ಕೆಳಗಿನ ಕಲ್ಲೂ ಒಂದೇ ಕಲ್ಲಿನ ಎರಡು ಮೈ ಎಂಬುದನ್ನು ಮನಗಂಡು, ತಾಯಿಯವರ ದಾಟುವಿಕೆಯನ್ನು ಸಕ್ರಮಗೊಳಿಸಬೇಕಾಗಿಯೂ,

(ಆ) ಅದಕ್ಕೆ ನಿಯಮದಲ್ಲಿ ಅವಕಾಶವಿಲ್ಲದಿದ್ದಲ್ಲಿ, ಅರ್ಜಿದಾರಳು ಕೆಲಸದ ನಿಮಿತ್ತ ಇವೇ ಮೂರು ಸೇತುವೆಗಳನ್ನು ಇಷ್ಟು ವರ್ಷಗಳಿಂದ ದಿನವೂ ದಾಟುತ್ತಿದ್ದು, ಇದರಿಂದ ಅವಳ ಖಾತೆಗೆ ಹೆಚ್ಚುವರಿ ಆಯುಷ್ಯ ಜಮೆಯಾಗಿರಲೇಬೇಕಾದ್ದರಿಂದ, ಅದನ್ನು ಪೂರ್ತಿಯಾಗಿ ತಾಯಿಯವರ ಹೆಸರಿಗೆ ವರ್ಗಾಯಿಸಬೇಕಾಗಿಯೂ, ಹೆಚ್ಚುವರಿ ಸಾಲದೆ ಬಂದರೆ ಅಸಲಿನಿಂದಲೂ ಮುರಿದುಕೊಳ್ಳಬೇಕಾಗಿಯೂ,

ತಮ್ಮಲ್ಲಿ ಕೈಮುಗಿದು ಪ್ರಾರ್ಥಿಸಲಾಗಿದೆ. ಉತ್ತರವನ್ನು ಲಿಖಿತವಾಗಿ ಕೊಡುವ ಅಗತ್ಯವಿಲ್ಲ. ತಾಯಿಯವರು ದಿನವೂ ಮನೆಗೆ ಮರಳಿ ಬಂದರೆ ಸಾಕು, ಅದನ್ನೇ ಆದೇಶವೆಂದು ತಿಳಿಯಲಾಗುವುದು.

ತಮ್ಮ ಸರಹದ್ದಿನೊಳಗಿನ ವಿಶ್ವಾಸಿ,
ಗೂ ಮಿನ್‌ಫೆನ್

ಲಗತ್ತುಗಳು:
1. ಧೂಪ, ಒಂದು ಕಟ್ಟು.
2. ಕಿತ್ತಳೆ ಹಣ್ಣು (ತಮಗೆ), ಹೂ ಬೆರೆಸಿದ ಅಕ್ಕಿಯ ಸಿಹಿ (ತಮ್ಮ ಧರ್ಮಪತ್ನಿಯವರಿಗೆ).
3. ಅಂಬಿಗ ಆಶುಯ್ ಅವರ ಹೇಳಿಕೆ. ಸಹಿ ಹಾಕಲು ಕೈ ಒದ್ದೆಯಾಗಿದೆ ಎಂದಿದ್ದರಿಂದ ಮೌಖಿಕ.

ಪ್ರತಿ: ತಮ್ಮ ಧರ್ಮಪತ್ನಿಯವರಿಗೆ, ತಾವು ಮರೆತಲ್ಲಿ ನೆನಪಿಸುವ ಸಲುವಾಗಿ.

ಆಯುಷ್ಯ ವರ್ಗಾವಣೆಗೆ ಪಡೆಯುವವರ ಒಪ್ಪಿಗೆ ಸಹಿ: ...............

ಷರಾ: ಅರ್ಜಿಯನ್ನು ತಮಗೆ ತಲುಪಿಸಲು ಗುಡಿಯ ಮುಂದೆ ಸುಡುವ ಮುನ್ನ ಒಪ್ಪಿಗೆ ಪಡೆಯುವುದು ಅಗತ್ಯವಾದ್ದರಿಂದ, ಈ ದಿನ ಬೆಳಿಗ್ಗೆ ಮನೆಯ ಹೊಸ್ತಿಲಲ್ಲಿ ಇದನ್ನು ತಾಯಿಯವರಿಗೆ ಆದ್ಯಂತ ಓದಿ ಹೇಳಲಾಯಿತು. ಅವರು ತಲೆವಸ್ತ್ರ ಕಟ್ಟುವುದನ್ನು ನಿಲ್ಲಿಸಿ, ಪಾರಾಯಣ ಕೇಳುವವರಂತೆ ಕಣ್ಣುಮುಚ್ಚಿ ಕೇಳಿದರು. ಬೆಕ್ಕಿನ ಪ್ರಸ್ತಾಪ ಬಂದಾಗ ಮಾತ್ರ ಅದು ಸುಳ್ಳು, ನಾನೇ ಹಾಕಿದ್ದು ಎಂದರು. (ಆ) ಬಂದಾಗ ಕಣ್ಣು ತೆರೆದರು. ಅಸಲು ಅಂದರೇನು ಎಂದು ಕೇಳಿದರು. ಅರ್ಜಿದಾರಳು ವಿವರಿಸಿ, ಪೆನ್ನು ಕೊಟ್ಟು, ಸಹಿ ಹಾಕುವಂತೆ ವಿನಂತಿಸಿದಳು. ತಾಯಿಯವರು ಪೆನ್ನಿಗೆ ಮುಚ್ಚಳ ಹಾಕಿ ಮಗಳ ಜೇಬಿಗೇ ಸಿಕ್ಕಿಸಿದರು.

“ಹಾಕಲ್ಲ. ನಿನ್ನ ಒಂದೇ ಒಂದು ದಿನಾನೂ ನಾನು ಮುಟ್ಟಲ್ಲ ಕಣೇ. ಯಮರಾಜನೇ ಬಂದು ಕೇಳಿದ್ರೂ ಹಾಕಲ್ಲ.”