ಟ್ರಾಮಿನ ಪಕ್ಕದಲ್ಲಿ ಒಂದು ಸಿಗರೇಟು

ನನ್ನ ಸೋದರಮಾವನಷ್ಟು ಕಾನೂನಿಗೆ ತಲೆಬಾಗುವ ಮನುಷ್ಯ ಕೋಲ್ಕತ್ತದಲ್ಲಿ ಇನ್ನೊಬ್ಬನಿರಲಾರ. ಆತ ಸಿಗರೇಟು ಸೇದುವುದು ಕೂಡ ಕಾನೂನಿನ ಪ್ರಕಾರವೇ! ನಂಬಿಕೆ ಬರುವುದಿಲ್ಲವೇ? ಕೇಳಿ.

ಮಾಮಾ ಧಾರವಾಡದವನು. ಇಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ಗುಮಾಸ್ತಿಕೆ ಮಾಡಿ, ಈಗ ನಿವೃತ್ತನಾಗಿ ಗರಿಯಾಹಾಟಿನ ಹತ್ತಿರ ಎರಡು ಕೋಣೆಯ ಮನೆಯಲ್ಲಿ ಮಾಮಿಯೊಡನೆ ಇದ್ದಾನೆ. ಸೆಕ್ಟರ್ ಫೈವ್‌ನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾನೂ ಅವರ ಮನೆಯಲ್ಲೇ ಇದ್ದೇನೆ. ಹಾಗಾಗಿ ಮುಂದೆ ಹೇಳುವುದರಲ್ಲಿ ಅರ್ಧ ಮಾಮಿ ಹೇಳಿದ್ದು, ಅರ್ಧ ಕಣ್ಣಾರೆ ಕಂಡದ್ದು.

ಕಚೇರಿಗಳಲ್ಲಿ ಸೇದಬಾರದು ಎಂಬ ನಿಯಮ ಬಂದಾಗ, ಅದರ ಸುತ್ತೋಲೆ ಬರೆಯುವ ಕೆಲಸ ಬಿದ್ದದ್ದು ಮಾಮಾನ ಮೇಜಿಗೇ. ಬಾಯಲ್ಲಿ ಸಿಗರೇಟು ಇಟ್ಟುಕೊಂಡೇ ಬರೆದ. ಸಾಹೇಬರು ಪೆನ್ನು ಬಿಚ್ಚಿ ಸಹಿಗೆ ಬಗ್ಗಿದರು. ಮಾಮಾ ಕೈ ಅಡ್ಡ ಹಿಡಿದ.

"ಎರಡ ಮಿನಿಟು ತಡೀರಿ ಸಾಹೇಬ್ರ. ನೀವು ಸಹಿ ಮಾಡೂ ತನಕಾ ಇದು ಬರೇ ಕರಡು. ಇನ್ನ ಅರ್ಧಾ ಉಳದದ."

ಸಾಹೇಬರು ನಿಜವಾಗಿಯೂ ಕಾದರಂತೆ! ಸಹಿ ಬಿತ್ತು, ಸಿಗರೇಟು ಆರಿತು. ಆಮೇಲೆ ಆ ಕೋಣೆಯಲ್ಲಿ ಮಾಮಾ ಒಂದೇ ಒಂದು ಕಡ್ಡಿ ಗೀರಿದ್ದಿಲ್ಲ.

ಅಲ್ಲಿಂದ ಶುರುವಾಯಿತು ಅವನ ಗಡೀಪಾರು. ಮೇಜಿನಿಂದ ವರಾಂಡಕ್ಕೆ ಹೋದ. ವರಾಂಡವೂ ಕಚೇರಿಯೇ ಎಂದರು. ಮೂರು ಮಹಡಿ ಇಳಿದು ಗೇಟಿಗೆ ಹೋದ. ಗೇಟಿನೆದುರಿನ ಪಾನ್ ಅಂಗಡಿ ಶಾಲೆಯಿಂದ ನೂರು ಗಜದೊಳಗಿದೆ ಎಂದು ಅದನ್ನೂ ಎತ್ತಿಸಿದರು. ಮುಂದಿನ ಬೀದಿಗೆ ನಡೆದ. ಲಿಫ್ಟು ಸದಾ ಕೆಟ್ಟಿರುವ ಕಟ್ಟಡ ಅದು. ದಿನಕ್ಕೆ ಹದಿನೈದು ಸೇದುತ್ತಿದ್ದವನು ಐದಕ್ಕೆ ಇಳಿದ. ಮನಸ್ಸು ಗಟ್ಟಿ ಮಾಡಿದ್ದರಿಂದಲ್ಲ, ಮೊಣಕಾಲು ನೋಯುತ್ತಿದ್ದುದರಿಂದ!

ಇದರ ನಡುವೆ ಇನ್ನೊಂದು ನಡೆಯಿತು. ಪಕ್ಕದ ಮೇಜಿನಲ್ಲಿ ಒಬ್ಬ ಬಂಗಾಲಿ ಹೆಂಗಸು ಕೂರುತ್ತಿದ್ದರು. ವರ್ಷಗಟ್ಟಲೆ ಕೆಮ್ಮು ಅವರಿಗೆ. ಮಾಮಾ ಗೇಟಿಗೆ ಹೋಗತೊಡಗಿದ ಕೆಲವು ತಿಂಗಳಲ್ಲಿ ಆ ಕೆಮ್ಮು ನಿಂತಿತು. ಆಕೆ ಒಂದು ದಿನ ಮಣ್ಣಿನ ಕುಡಿಕೆಯಲ್ಲಿ ಸಿಹಿ ಮೊಸರು ತಂದು ಇವನ ಮುಂದಿಟ್ಟರು. ಮಾಮಾ ಅದನ್ನು ತಿಂದು, ತೊಳೆದ ಕುಡಿಕೆಯನ್ನು ಮನೆಗೆ ತಂದು ಮಾಮಿಯ ಮುಂದಿಟ್ಟನಂತೆ.

"ಹನ್ನೊಂದ ವರ್ಷ ಆ ಕೆಮ್ಮು ಆಕೀದ ಅಂತ ತಿಳಕೊಂಡಿದ್ದೆ ನಾ" ಎಂದನಂತೆ ಮಾಮಿಗೆ.

ಇನ್ನು ಸಿಗರೇಟು ಡಬ್ಬಿಯ ಮೇಲಿನ ಎಚ್ಚರಿಕೆಯ ಚಿತ್ರ. ಅದನ್ನು ನೋಡಿದರೆ ಬೇರೆಯವರು ಮುಖ ತಿರುಗಿಸುತ್ತಾರೆ. ಮಾಮಾ ಸ್ನೇಹ ಬೆಳೆಸಿದ. ಆ ರೋಗಿಯ ಮುಖಕ್ಕೆ ಶಾಮರಾಯರು ಎಂದು ಹೆಸರಿಟ್ಟು, ಪ್ರತಿ ಸಲ ಡಬ್ಬಿ ತೆಗೆದಾಗಲೂ ಕುಶಲ ವಿಚಾರಿಸುತ್ತಿದ್ದ. "ಏನ್ರಿ ಶಾಮರಾಯರ, ಇವತ್ತ ಗಂಟಲಾ ಹೆಂಗದ?"

ಆದರೆ ಸರ್ಕಾರ ಆಗಾಗ ಚಿತ್ರ ಬದಲಿಸುತ್ತದಲ್ಲ! ಒಂದು ಬೆಳಿಗ್ಗೆ ಅಂಗಡಿಯಿಂದ ಬಂದವನೇ ಕುರ್ಚಿಯಲ್ಲಿ ಕುಸಿದು ಕೂತ.

"ಶಾಮರಾಯರು ಹೋದ್ರು."

ಮಾಮಿ ಒಗ್ಗರಣೆ ಅರ್ಧಕ್ಕೆ ಬಿಟ್ಟು, ಸೂತಕದ ಸ್ನಾನಕ್ಕೆ ನೀರು ಕಾಯಲಿಟ್ಟು ಹೊರಗೆ ಬಂದರು. "ಯಾವ ಶಾಮರಾಯರು? ಹುಬ್ಬಳ್ಳಿಯವರೇನು? ನಮಗ ಮೂರ ದಿನಾನೋ, ಹತ್ತ ದಿನಾನೋ?"

ಮಾಮಾ ಡಬ್ಬಿ ತೋರಿಸಿದ. ಮಾಮಿ ಡಬ್ಬಿಯನ್ನೂ ಗಂಡನನ್ನೂ ಒಂದೊಂದು ಸಲ ನೋಡಿದರು.

"ನೀರು ಕಾದಾವ. ಸ್ನಾನಾ ನೀವೊಬ್ಬರ ಮಾಡ್ರಿ. ಆ ವಾಸನಿಯರೆ ಹೋಗ್ತದ."

ಹೊಸ ಚಿತ್ರದವನ ಹೆಸರೇನು ಮಾಮಾ ಎಂದು ನಾನು ಕೇಳಿದೆ. "ಇನ್ನ ಇಟ್ಟಿಲ್ಲ" ಎಂದು ಡಬ್ಬಿ ಜೇಬಿಗಿಳಿಸಿದ.

ಇನ್ನು ಟ್ರಾಮು. ಶನಿವಾರ ನಾವಿಬ್ಬರೂ ಗರಿಯಾಹಾಟಿನಿಂದ ಟ್ರಾಮು ಹತ್ತಿ ಪೇಟೆಗೆ ಹೋಗುವುದು ರೂಢಿ. ಟ್ರಾಮಿನೊಳಗೆ ಸೇದುವಂತಿಲ್ಲ. ಮಾಮಾ ಕಂಡುಹಿಡಿದ ದಾರಿ ನೋಡಿ: ಪಾರ್ಕ್ ಸರ್ಕಸ್ಸಿನ ತಿರುವಿನಲ್ಲಿ ಟ್ರಾಮು ತೆವಳುತ್ತದೆ. ಅಲ್ಲಿ ಇಳಿದು, ಸಿಗರೇಟು ಹಚ್ಚಿ, ಟ್ರಾಮಿನ ಪಕ್ಕದಲ್ಲೇ ನಡೆಯುತ್ತ, ಕಿಟಕಿಯಲ್ಲಿ ಕೂತ ನನ್ನೊಡನೆ ಮಾತಾಡುತ್ತ, ಸೇದಿ ಮುಗಿಸಿ ಮತ್ತೆ ಹತ್ತುವುದು!

"ಚಲಿಸುವ ಟ್ರಾಮಿನಿಂದ ಇಳಿಯಬಾರದು ಅಂತಲೂ ಬೋರ್ಡ್ ಅದಲ್ಲ ಮಾಮಾ?"

"ಅದನ್ನ ಬಂಗಾಲಿಯೊಳಗ ಬರದಾರವ್ವಾ. ನನಗ ಓದ್ಲಿಕ್ಕ ಬರಂಗಿಲ್ಲ." ಇದನ್ನು ಹೇಳುವಾಗ ಅವನ ಕಂಕುಳಲ್ಲಿ ಆ ದಿನದ ಬಂಗಾಲಿ ಪತ್ರಿಕೆಯಿತ್ತು.

ನಾನೂ ನಗುತ್ತಿದ್ದೆ. ಆ ಶನಿವಾರದವರೆಗೆ.

ಅಂದು ಸಿಗರೇಟು ಅರ್ಧವಿರುವಾಗಲೇ ದಾರಿ ತೆರವಾಗಿ ಟ್ರಾಮು ವೇಗ ಹಿಡಿಯಿತು. ಮಾಮಾ ಸಿಗರೇಟು ಎಸೆದು, ಕೊಡೆ ಕೈಯಲ್ಲಿ ಹಿಡಿದೇ ಓಡಿಬಂದ. ಬಾಗಿಲಿಗೂ ಅವನಿಗೂ ಇಪ್ಪತ್ತು ಹೆಜ್ಜೆ ಇದ್ದೀತು. ಹತ್ತು ಹೆಜ್ಜೆಗೆ ಅವನ ಬಾಯಿ ತೆರೆದುಕೊಂಡಿತು, ನೀರಿನಿಂದ ಎತ್ತಿದ ಮೀನಿನ ಹಾಗೆ. ಕೈ ಕಂಬಿಗೆ ತಾಗಿತು, ಹಿಡಿಯಲಿಲ್ಲ. ಮಾಮಾ ಹಳಿಯ ಮೇಲೆ ಕುಸಿದ. ಹಿಂದಿನಿಂದ ಮಿನಿಬಸ್ಸು ಬರುತ್ತಿತ್ತು. ನಾನು ಏನೆಂದು ಕೂಗಿದೆನೋ ಗೊತ್ತಿಲ್ಲ. ಕಂಡಕ್ಟರ್ ಗಂಟೆಯ ಹಗ್ಗ ಜಗ್ಗಿದ್ದು, ಬಸ್ಸಿನ ಬ್ರೇಕು ಕಿರುಚಿದ್ದು, ಎರಡೂ ಇವತ್ತಿಗೂ ಆಫೀಸಿನಲ್ಲಿ ಕೂತಿದ್ದಾಗ ಕಿವಿಯಲ್ಲಿ ಏಳುತ್ತವೆ. ನನ್ನ ತಲೆಯೊಳಗೆ ಆ ಬಸ್ಸು ಒಂದು ಸಲವೂ ನಿಲ್ಲುವುದಿಲ್ಲ. ಅಂದು ನಿಂತಿತ್ತು. ಮಾಮಾನ ಕೊಡೆ ಅದರ ಗಾಲಿಯ ಕೆಳಗಿತ್ತು.

ಇಳಿದು ಓಡಿದೆ. ಪೆಟ್ಟೇನೂ ಆಗಿರಲಿಲ್ಲ. ಬೂದಿಬಣ್ಣದ ಮುಖ ಹೊತ್ತು, ರಸ್ತೆಗೆ ಬಿದ್ದ ಡಬ್ಬಿಯನ್ನೇ ನೋಡುತ್ತ ಕೂತಿದ್ದ. ಚಿತ್ರ ಮೇಲ್ಮುಖವಾಗಿತ್ತು.

"ಕಾಲು ಓಡಿದ್ವವ್ವಾ, ಉಸರ ಬರಲಿಲ್ಲ" ಎಂದ. ಆ ಚಿತ್ರದ ಕಡೆ ಬೆರಳು ಮಾಡಿ, "ಇಂವಗ ಇವತ್ತ ನನ್ನ ಹೆಸರ ಇಡೂದಿತ್ತು" ಎಂದ.

ಆಮೇಲೆ ಮಾಮಾ ಪೂರ್ತಿ ಬಿಟ್ಟನೇ? ಬಿಟ್ಟ ಎಂದರೆ ಸುಳ್ಳಾಗುತ್ತದೆ. ದಿನಕ್ಕೊಂದಕ್ಕೆ ಬಂದಿದ್ದಾನೆ, ಅದನ್ನೂ ಅರ್ಧಕ್ಕೇ ಆರಿಸುತ್ತಾನೆ.

ಹೋದ ಶನಿವಾರ ಮತ್ತೆ ಟ್ರಾಮು ಹತ್ತಿದೆವು, ಅವನದೇ ಹಟ. ಪಾರ್ಕ್ ಸರ್ಕಸ್ಸಿನ ತಿರುವು ಬಂತು. ಟ್ರಾಮು ತೆವಳತೊಡಗಿದ್ದೇ ತಡ, ನಾನು ಅವನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದೆ. ಇವನ ಕಾಲು ಎಲ್ಲಿ ಏಳುತ್ತದೋ ಎಂದು ಅದನ್ನೇ ನೋಡುತ್ತಿದ್ದೆ. ಮಾಮಾ ಅಲುಗಾಡಲಿಲ್ಲ. ತಿರುವು ಮುಗಿಯುವ ತನಕ ಕಿಟಕಿಯ ಹೊರಗೂ ನೋಡಲಿಲ್ಲ. ತನ್ನ ಇನ್ನೊಂದು ಕೈಯನ್ನು ತಂದು ನನ್ನ ಕೈಯ ಮೇಲಿಟ್ಟ.

"ನಾ ಇಳಿಯಂಗಿಲ್ಲವ್ವಾ" ಎಂದ. "ನೀ ಮೊದಲ ಉಸರ ಬಿಡು."