ಕಾರಕೂನರ ಜೇನು

ಭಾನುವಾರ ಮುಂಜಾನೆ ಚಹಾದ ಕಪ್ಪು ಹಿಡಿದು ಹಿತ್ತಲಿಗೆ ಬಂದ ಶ್ರೀಶೈಲನಿಗೆ ಜೇನುಪೆಟ್ಟಿಗೆಯ ಬಾಗಿಲಲ್ಲಿ ಒಂದು ಹುಳವೂ ಕಾಣಲಿಲ್ಲ. ದಿನಾ ಈ ಹೊತ್ತಿಗೆ ಅಲ್ಲಿ ಸಂತೆ ನೆರೆದಿರುತ್ತಿತ್ತು. ಇವತ್ತು ಸಂತೆ ಎದ್ದುಹೋದ ಬಯಲಿನಂತೆ ಭಣಭಣ.

ನಿಡಗುಂದಿಯ ಹೈಸ್ಕೂಲಿನಲ್ಲಿ ಅವನು ಕಾರಕೂನ. ಹೆಂಡತಿ ದಾನೇಶ್ವರಿ ಮುದ್ದೇಬಿಹಾಳ ಕಡೆಯ ಒಕ್ಕಲುತನದ ಮನೆಯವಳು; ಕೊತ್ತಂಬರಿಯನ್ನೂ ಕೊಂಡು ತರುವ ಸಂಸಾರ ಅವಳಿಗೆ ಸಂಸಾರವೇ ಅಲ್ಲ. ಬಾಡಿಗೆ ಮನೆಯ ಹಿಂದೆ ಕಲ್ಲು ಬಿದ್ದಿದ್ದ ಜಾಗವನ್ನು ಆರು ತಿಂಗಳಲ್ಲಿ ಹಸನು ಮಾಡಿ ಬದನೆ, ಮೆಂತೆ ಬೆಳೆದಿದ್ದಳು. ಗೋಡೆಗೆ ಹೀರೆಬಳ್ಳಿ ಹಬ್ಬಿಸಿದ್ದಳು. ಆ ಹಿತ್ತಲಲ್ಲಿ ಶ್ರೀಶೈಲನದೆಂದು ಇದ್ದದ್ದು ಆ ಜೇನುಪೆಟ್ಟಿಗೆ ಒಂದೇ. ಆಲಮಟ್ಟಿಯಲ್ಲಿ ಮೂರು ದಿನ ತರಬೇತಿ ಮುಗಿಸಿ, ತೊಟ್ಟಿಲ ಕೂಸನ್ನು ತಂದಂತೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ತಂದಿದ್ದ. ಬಂದ ದಿನವೇ ಒಂದು ಹುಳ ರೆಪ್ಪೆಗೆ ಕಚ್ಚಿ, ಎರಡು ದಿನ ಒಂದೇ ಕಣ್ಣಿನಲ್ಲಿ ಹಾಜರಿ ಪುಸ್ತಕ ಬರೆದಿದ್ದ. ಅಂದಿನಿಂದ ಅವನ ಜೇನುಸಾಕಣೆಯೆಲ್ಲ ಬಚ್ಚಲ ಬಾಗಿಲಿನಲ್ಲಿ ನಿಂತೇ ನಡೆಯುತ್ತಿತ್ತು.

ಈಗಲೂ ಅಲ್ಲಿಂದಲೇ ಕತ್ತು ಉದ್ದ ಮಾಡಿ ನೋಡುತ್ತಿರುವಾಗ ಪಕ್ಕದ ಗೋಡೆಯ ಮೇಲೆ ಕಸ್ತೂರೆವ್ವನ ತಲೆ ಮೂಡಿತು. ಓಣಿಯಲ್ಲಿ ಆಕೆಗೆ ತಿಳಿಯದೆ ಬೆಕ್ಕೂ ಮರಿ ಹಾಕುತ್ತಿರಲಿಲ್ಲ.

"ಏನ್ ತಮ್ಮಾ, ಹುಳ ಓಡಿ ಹೋದ್ವೇನು?"

"ನೀವು ನೋಡೀರೇನ್ ಆಯಿ?"

"ನೋಡ್ದ ಏನು? ಈಗ ಹೊತ್ತು ಏರೂಮುಂದ ನಮ್ಮ ಮಾಳಗಿ ಮ್ಯಾಲಿಂದ ಜುಂಯ್ ಅಂತ ಹ್ವಾದ್ವು. ಬಸ್ ಸ್ಟ್ಯಾಂಡ್ ಕಡೆ. ಎಲ್ಲೋ ಊರಿಗೆ ಹೊಂಟಾವ ಅನಸ್ತು."

ದಾನೇಶ್ವರಿ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ಕರೆಂಟು ಹೋಗಿದ್ದರಿಂದ ಬರುವುದು ತಡವಾಗುತ್ತಿತ್ತು. 'ಹೆಂಡತಿ ಇಡೀ ಹಿತ್ತಲ ಜೋಪಾನ ಮಾಡ್ಯಾಳ, ನಾ ಒಂದು ಪೆಟ್ಟಿಗಿ ಕಾಯಲಿಲ್ಲ' ಎನಿಸಿತು ಶ್ರೀಶೈಲನಿಗೆ. ಅವಳು ಬರುವುದರೊಳಗೆ ಹುಳಗಳನ್ನು ಮರಳಿ ತರಬೇಕು. ಕಂಬಳಿ ಹೊದ್ದು, ಬಗಲಲ್ಲಿ ಒಂದು ಮಣ್ಣಿನ ಗಡಿಗೆ ಇಟ್ಟುಕೊಂಡು ಹೊರಟ. ಹಿಂದೆಯೇ ಕಸ್ತೂರೆವ್ವನೂ ಚಪ್ಪಲಿ ಮೆಟ್ಟಿದಳು.

ಬಸ್ ಸ್ಟ್ಯಾಂಡಿನ ಎದುರು ರಾವಸಾಬನ ಚಹಾದಂಗಡಿ. ಅದರ ಮುಂದಿನ ಬೇವಿನ ಟೊಂಗೆಗೆ ಬೆಲ್ಲದ ಪೆಂಟೆಯಂತೆ ಜೇನುಹುಳಗಳು ಜೋತುಬಿದ್ದಿದ್ದವು. ರಾವಸಾಬ ಆಗಲೇ ಕೆಳಗೊಂದು ಪರಾತ ಇಟ್ಟು, ಜೇನುತುಪ್ಪ ಯಾವಾಗ ಬೀಳುತ್ತದೋ ಎಂದು ಮೇಲೆ ನೋಡುತ್ತ ಕೂತಿದ್ದ.

"ರಾವಸಾಬ್, ಅವು ನಮ್ಮ ಹುಳ," ಎಂದ ಶ್ರೀಶೈಲ.

"ಹೌದ್ರ್ಯಾ? ಗುರ್ತ್ ಹೆಂಗ್ರಿ ಕಾರಕೂನರ? ಎಮ್ಮಿಯಂಗ ಕೋಡಿಗೆ ಬಣ್ಣ ಹಚ್ಚೀರೇನು?"

ಪಕ್ಕದ ಸೈಕಲ್ ಅಂಗಡಿಯ ಇಬ್ರಾಹಿಂಸಾಬ ಪಂಕ್ಚರ್ ಬಿಟ್ಟು ಎದ್ದು ಬಂದ. "ಹೆಸರ್ ಹಿಡದ ಒಂದ್ ಸಲ ಕರೀರಿ ಸಾಹೇಬ್ರ. ನಿಮ್ಮವಾದ್ರ ಓ ಅಂತಾವ."

ಬಸ್ಸಿಗೆ ಕಾದಿದ್ದವರೆಲ್ಲ ನಕ್ಕರು. ಆಫೀಸಿನಲ್ಲಿ ಸಿಪಾಯಿಗೂ ಏರುದನಿಯಲ್ಲಿ ಮಾತಾಡದ ಶ್ರೀಶೈಲನಿಗೆ ಅಂದು ಎಲ್ಲಿಂದ ಧೈರ್ಯ ಬಂತೋ, ಬೆಂಚಿನ ಮೇಲೆ ನಿಂತು ಭಾಷಣವನ್ನೇ ಮಾಡಿದ. ತುಡುವೆ ಜೇನು ಅಂದರೇನು, ರಾಣಿ ಹುಳ ಎಂಥದು, ಅದು ಎದ್ದರೆ ಉಳಿದವು ಹೇಗೆ ಬೆನ್ನು ಹತ್ತುತ್ತವೆ ಎಂದೆಲ್ಲ ವಿವರಿಸಿದ. ಯಾರೂ ನಂಬಲಿಲ್ಲ. ಕೊನೆಗೆ ಕಸ್ತೂರೆವ್ವ ಮುಂದೆ ಬಂದಳು.

"ನಾ ಕಣ್ಣಾರೆ ನೋಡೀನೋ ರಾವಸಾಬ. ಇವರ ಪೆಟಗಿಯಿಂದನ ಸಾಲ್ ಹಚ್ಚಿ ಹೊಂಟು ಬಂದ್ವು. ಇಕಾ, ಆ ತುದಿಗೆ ಕುಂತದ್ದು ನಾ ದಿನಾ ನೋಡೂ ಹುಳ."

ಇಂಥ ಸಾಕ್ಷಿಗೆ ರಾವಸಾಬ ಸೋತ. "ಆತ್ರಿ, ಒಯ್ರಿ. ಆದ್ರ ಬರದು ಕೊಡ್ರಿ. ನಾಳಿ ಮತ್ತೊಬ್ಬ ಬಂದು ನಮ್ಮವು ಅಂದ್ರ ನಾ ಏನ್ ಹೇಳ್ಲಿ?"

ಶ್ರೀಶೈಲ ಬಿಸ್ಕಿಟ್ ಪುಡಿಕೆಯ ಒಳಮೈಯಲ್ಲಿ ದುಂಡಗೆ ಬರೆದ: 'ಬೇವಿನ ಗಿಡದ ಮೇಲಿನ ಜೇನುಹುಳಗಳು ಸಮಸ್ತವೂ ನನ್ನವು.' ಕೆಳಗೆ ಸ್ಥಳ, ದಿನಾಂಕ, ಸಹಿ. ಸಹಿಯ ಮೇಲೆ ಒತ್ತಲು ಸಾಲಿ ಶಿಕ್ಕಾ ಕೈಯಲ್ಲಿಲ್ಲವಲ್ಲ ಎಂಬುದೊಂದೇ ಕೊರಗು.

ಇನ್ನು ಹುಳಗಳನ್ನು ಗಡಿಗೆಗೆ ಇಳಿಸುವ ಕೆಲಸ. ಕಣ್ಣಷ್ಟೇ ಕಾಣುವಂತೆ ಕಂಬಳಿ ಸುತ್ತಿಕೊಂಡು ಅವನು ಚಹಾದಂಗಡಿಯ ಟೇಬಲ್ಲು ಏರಿದ. "ಒಂದೀಟು ಹೊಗಿ ಹಾಕ್ರಿ," ಎಂದ. ತರಬೇತಿಯಲ್ಲಿ ಹೇಳಿದ್ದು ತೆಂಗಿನ ನಾರಿನ ತೆಳು ಹೊಗೆ. ಇಬ್ರಾಹಿಂಸಾಬನ ಅಂಗಡಿಯಲ್ಲಿ ಇದ್ದದ್ದು ಹಳೆಯ ಟೈರು. ಅವನು ಪರೋಪಕಾರಿ, ಒಂದರ ಬದಲು ಎರಡಕ್ಕೆ ಬೆಂಕಿ ಹಚ್ಚಿದ. ಕರಿಹೊಗೆ ಏಳುವುದಕ್ಕೂ ಬಾಗಲಕೋಟೆಯ ಬಸ್ಸು ಹಾರ್ನು ಬಾರಿಸುತ್ತ ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಬೆಲ್ಲದ ಪೆಂಟೆ ಒಡೆಯಿತು.

ಮುಂದಿನ ಐದು ನಿಮಿಷ ಬಸ್ ಸ್ಟ್ಯಾಂಡಿನಲ್ಲಿ ಕುಣಿಯದವರಿಲ್ಲ. ರಾವಸಾಬನ ಮೇಲ್ದುಟಿ ಊದಿ ಮೀಸೆ ಮೂಗಿಗೆ ಹತ್ತಿತು. ಇಬ್ರಾಹಿಂಸಾಬನ ಕಿವಿ ಹಪ್ಪಳವಾಯಿತು. ಕಸ್ತೂರೆವ್ವನ ಮೂಗಿನಲ್ಲಿ ಮೂಗುಬೊಟ್ಟೇ ಮುಳುಗಿಹೋಯಿತು. ಕುತ್ತಿಗೆಗೆ ಕಚ್ಚಿಸಿಕೊಂಡ ಕಂಡಕ್ಟರ್ ನೋವಿಗೆ ಸೀಟಿ ಊದಿದ. ಅದನ್ನು ಕೇಳಿ ಡ್ರೈವರ್ ಅವನನ್ನು ಬಿಟ್ಟೇ ಬಸ್ಸು ಹೊಡೆದುಕೊಂಡು ಹೋದ. ಹುಳಗಳು ಕಾಲುವೆಯ ಕಡೆ ಹಾರಿಹೋದವು. ಕಂಬಳಿಯೊಳಗಿದ್ದ ಶ್ರೀಶೈಲನಿಗೆ ಒಂದೂ ಕಚ್ಚಿರಲಿಲ್ಲ.

ಅಷ್ಟರಲ್ಲಿ ಗಿರಣಿಯಿಂದ ಹಿಟ್ಟಿನ ಡಬ್ಬಿ ಹೊತ್ತು ದಾನೇಶ್ವರಿ ಅದೇ ದಾರಿಯಲ್ಲಿ ಬಂದಳು. ಟೇಬಲ್ಲಿನ ಮೇಲೆ ಕರಡಿಯಂತೆ ನಿಂತ ಗಂಡನನ್ನು ನೋಡಿ, "ಏನ್ರಿ ಇದು?" ಎಂದಳು.

"ನಮ್ಮ ಹುಳ ಹ್ವಾದ್ವು," ಎಂದ ಅವನು, ಅಳುವ ದನಿಯಲ್ಲಿ.

"ಎಲ್ಲಿ ಹೋಗ್ತಾವ್ರಿ? ಮನ್ಯಾಗ ಅದಾವ. ಬದನಿಗೆ ಹೇನು ಬಿದ್ದಿತ್ತಲ್ಲ, ನಸುಕಿನ್ಯಾಗ ಬೇವಿನೆಣ್ಣಿ ಹೊಡಿಯೂಮುಂದ ಪೆಟಗಿ ಬಾಗಲಕ್ಕ ಹತ್ತಿ ತುರಕಿ ಮುಚ್ಚೇನಿ."

ಶ್ರೀಶೈಲನ ಮುಖ ಅರಳಿತು. ಕಂಬಳಿ ಕಿತ್ತೊಗೆದು ಕೂಗಿದ: "ಕೇಳಿದ್ರಿಲ್ಲೋ? ಅವು ನಮ್ಮ ಹುಳ ಅಲ್ಲ! ಯಾವೋ ಅಡವಿ ಹುಳ!"

ರಾವಸಾಬ ಕಿಸೆಯಿಂದ ಬಿಸ್ಕಿಟ್ ಕಾಗದ ತೆಗೆದು, ಊದಿದ ತುಟಿಯಲ್ಲೇ ಕಷ್ಟಪಟ್ಟು ಓದಿದ: "ಶಮಶ್ತವೂ ನನ್ನವು."

"ಮುಂಜಾನೆಯಿಂದ ನಮ್ಮವು ನಮ್ಮವು ಅಂತ ಒದರಿ, ಕಚ್ಚಿದ ಮ್ಯಾಲ ಅಲ್ಲ ಅಂದ್ರ ಹೆಂಗ್ರಿ?" ಎಂದ ಇಬ್ರಾಹಿಂಸಾಬ. "ಊರಿಗೆಲ್ಲ ಕಚ್ಚಿ ನಿಮ್ಮೊಬ್ಬರನ್ನ ಬಿಟ್ಟಾವ. ಒಡೆಯಾರ ಗುರ್ತ್ ಇಲ್ದನ ಬಿಟ್ವೇನು?"

ಶ್ರೀಶೈಲನಿಗೆ ರೋಷ ಬಂತು. "ಬರ್ರಿ, ಪೆಟಗಿ ತೆರದ ತೋರಸ್ತೇನಿ. ಕಚ್ಚಿದ ಹುಳ ನಮ್ಮವಾದ್ರ ಇವತ್ತ ಪೆಟಗಿ ಊರ ಹೊರಗ ಕಳಸ್ತೇನಿ!"

ಊದಿದ ಮೋರೆಗಳ ಮೆರವಣಿಗೆ ಹಿತ್ತಲಿಗೆ ಬಂತು. ಇಷ್ಟು ದಿನ ಬಚ್ಚಲ ಬಾಗಿಲು ದಾಟದಿದ್ದ ಶ್ರೀಶೈಲ ಅಂದು ತಾನೇ ಮುಂದೆ ಹೋಗಿ, ಬರಿಗೈಯಲ್ಲಿ ಮುಚ್ಚಳ ಎತ್ತಿದ. ಒಳಗೆ ಸಾವಿರಾರು ಹುಳ, ಜೇನಿನ ಎರಿಯ ಮೇಲೆ ಒತ್ತೊತ್ತಾಗಿ ಗುಂಯ್‌ಗುಟ್ಟುತ್ತಿದ್ದವು.

"ನೋಡ್ರಿ!" ಎಂದ ಗೆದ್ದವನಂತೆ. "ಒಂದೂ ಹೊರಗ ಹೋಗಿಲ್ಲ!"

ಕಸ್ತೂರೆವ್ವ ಮೂಗಿಗೆ ಸುಣ್ಣ ಒತ್ತಿಕೊಂಡೇ ಬಗ್ಗಿ ನೋಡಿ ಗಲ್ಲದ ಮೇಲೆ ಕೈಯಿಟ್ಟಳು.

"ಅಯ್ಯ ಶಿವನ! ನಮಗಿಂತ ಮದ್ಲ ಬಂದು ಮನಿ ಮುಟ್ಯಾವಲ್ಲೋ ತಮ್ಮಾ!"

"ಅಲ್ಲ ಆಯಿ, ಬಾಗಲಕ್ಕ ಹತ್ತಿ ಐತಿ ನೋಡ್ರಿ... ಮುಚ್ಚಿತ್ತು!"

ಎಲ್ಲರೂ ಬಾಗಿಲ ಕಡೆ ನೋಡಿದರು. ಹತ್ತಿ ಇತ್ತು. ಒಂದು ಗಳಿಗೆ ಅನುಮಾನ ಸುಳಿದಾಡಿತು. ದಾನೇಶ್ವರಿಗೂ ಇನ್ನು ಉಳಿದೆವು ಎನಿಸಿತು. ಅಷ್ಟರಲ್ಲಿ ರಾವಸಾಬ ತುಟಿ ಸಂಭಾಳಿಸಿಕೊಂಡು, ತೀರ್ಪು ಓದುವವನಂತೆ ನಿಧಾನವಾಗಿ ಹೇಳಿದ:

"ಇಷ್ಟ ಮಂದಿಗೆ ಕಚ್ಚಿ ಬಂದಾವ. ಒಳಗಿಂದ ಕದಾ ಹಾಕ್ಕೋಳಾರ್ದ ಏನ್ ಮಾಡ್ತಾವ್ರಿ?"