ಬೇಡವೆಂದವನ ದ್ವೀಪಯಾತ್ರೆ

ಕೊಟ್ಟ ಕೂಡಲೇ ಕೈಚಾಚಿ ತಿನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ನಮ್ಮ ಕಲಬುರಗಿ ಕಡೆ ಮರ್ಯಾದಸ್ಥರು ಹಾಗೆ ಮಾಡುವುದಿಲ್ಲ. 'ಊಟಕ್ಕ ಏಳ್ರಿ' ಎಂದರೆ 'ಬ್ಯಾಡ್ರೀ, ಈಗರೆ ಆಗ್ಯದ' ಎನ್ನಬೇಕು. ಅವರು 'ಹಂಗಂದ್ರ ಹೆಂಗ್ರೀ' ಎಂದು ಕೈಹಿಡಿದು ಜಗ್ಗಬೇಕು. ಅವರು ಇನ್ನೇನು ಮುನಿಸಿಕೊಳ್ಳುತ್ತಾರೆ ಎನ್ನುವಾಗ 'ನಿಮ್ಮ ಸಲುವಾಗಿ ಕೂಡ್ತೀನಿ' ಎಂದು ಕೂತು, ಎಲ್ಲರಿಗಿಂತ ಹೆಚ್ಚು ಉಣ್ಣಬೇಕು. ಕಮಲಾಪುರದ ಅಳಿಯನಾದ ಮೇಲಂತೂ ನಾನು ಈ ವಿದ್ಯೆಯಲ್ಲಿ ಪಳಗಿಬಿಟ್ಟೆ. ಅತ್ತೆಯವರು ಒತ್ತಾಯ ಮಾಡದೆ ಅವರ ಮನೆಯಲ್ಲಿ ಚಹಾ ಕೂಡ ಕುಡಿದವನಲ್ಲ.

ತೊಂಬತ್ತರ ದಶಕದಲ್ಲಿ ನಮ್ಮ ಆಫೀಸಿನವರು ನನ್ನನ್ನು ಬೇಳೆಕಾಳಿನ ತರಬೇತಿಗೆಂದು ನಿಕರಾಗುವಾ ದೇಶಕ್ಕೆ ಕಳಿಸಿದರು. ತೊಗರಿ ನಾಡಿನವನು, ಕಾಳಿನ ವಿಷಯ ಬಲ್ಲವನು ಎಂದು ಸಾಹೇಬರ ಎಣಿಕೆ. ನಾನು ಬಲ್ಲದ್ದು ಬೇಳೆ ತಟ್ಟೆಗೆ ಬಂದ ಮೇಲಿನ ವಿಷಯ ಮಾತ್ರ. ಅಲ್ಲೊಂದು ಭಾನುವಾರ ನಮ್ಮನ್ನೆಲ್ಲ ದೊಡ್ಡ ಸರೋವರಕ್ಕೆ ಕರೆದೊಯ್ದರು. ಹಿಂದೆಂದೋ ದಡದ ಜ್ವಾಲಾಮುಖಿ ಸಿಡಿದು ನೀರಿಗೆ ಬಂಡೆಗಳನ್ನು ಎಸೆಯಿತಂತೆ. ಆ ಬಂಡೆಗಳೇ ಈಗ ದ್ವೀಪಗಳು. ಒಂದೊಂದೂ ನಮ್ಮೂರ ನೆಹರು ಗಂಜಿನ ಪೇಟೆಯ ಅಂಗಡಿಯಷ್ಟು ಅಗಲ. ಅದರ ಮೇಲೆ ಒಂದು ಮನೆ, ಒಂದು ಮರ, ಒಂದು ನಾಯಿ. ನೋಡಲು ಚೆಂದವೇ. ಆದರೆ ದಡದ ಹೋಟೆಲಿನಲ್ಲಿ ಇದ್ದದ್ದೆಲ್ಲ ಮೀನು. ವೈಷ್ಣವರ ಮನೆಯ ನಾನು ನೀರು ಕುಡಿದು ದೋಣಿ ಹತ್ತಿದ್ದೆ. ಹಸಿದವನಿಗೆ ಜ್ವಾಲಾಮುಖಿ ಕಂಡರೆ ನೆನಪಾಗುವುದು ಒಲೆ.

ಮೊದಲ ದ್ವೀಪದಲ್ಲಿ ಮನೆಯೊಡತಿ ಒಂದು ಬುಟ್ಟಿ ತಂದಳು. ಅದರಲ್ಲಿ ಕೆಂಪು ಬಾಳೆಹಣ್ಣು! ಥೇಟ್ ನಮ್ಮ ಕಮಲಾಪುರದ್ದೇ. ನನಗೆ ಕಣ್ಣೀರೂ ಬಾಯಲ್ಲಿ ನೀರೂ ಒಟ್ಟಿಗೇ ಬಂದವು. ಅವಳು ಮೊದಲು ನನಗೇ ಬುಟ್ಟಿ ಒಡ್ಡಿದಳು. ಹಾಳು ನಾಲಿಗೆ ರೂಢಿಯಂತೆ 'ನೋ, ನೋ' ಎಂದುಬಿಟ್ಟಿತು. ತುಂಬಿದೆ ಎಂದು ಕೈ ಕೂಡ ತಾನಾಗಿಯೇ ಹೊಟ್ಟೆ ಸವರಿತು. ಅವಳು ಮುಗುಳ್ನಕ್ಕು ಬುಟ್ಟಿಯನ್ನು ಪಕ್ಕದವನ ಮುಂದೆ ಹಿಡಿದಳು. ಅಷ್ಟೆ, ಮುಗಿಯಿತು. ನಾನು ಕೆಮ್ಮಿದೆ, ಬುಟ್ಟಿಯ ಹೆಣಿಗೆಯನ್ನು ಹೊಗಳಿದೆ, ಬಾಳೆಯ ತಳಿ ಯಾವುದೆಂದು ವಿಚಾರಿಸಿದೆ. ಎರಡನೆಯ ಸಲ ಯಾರೂ ಕೇಳಲಿಲ್ಲ. ಮುಂದಿನ ದ್ವೀಪದಲ್ಲಾದರೂ ಜುಲುಮಿ ಮಾಡುವ ಪುಣ್ಯಾತ್ಮರು ಇರಬಹುದೆಂದು ಕಾದೆ. ಅಲ್ಲೂ ಮಾವಿನಹಣ್ಣು ಬಂತು, ನನ್ನ 'ನೋ' ಕೇಳಿ ಹಾಗೇ ಮುಂದೆ ಹೋಯಿತು. ವಾಪಸು ದೋಣಿಯಲ್ಲಿ ಹೊಟ್ಟೆ ಮುಟ್ಟಿಕೊಂಡು ಆಣೆ ಮಾಡಿದೆ: ಇನ್ನು ಯಾರೇ ಏನೇ ಕೊಡಲಿ, ಮೊದಲ ಮಾತಿಗೇ ಹೂಂ.

ಊರಿಗೆ ಬಂದವನೇ ಹೆಂಡತಿಯೊಂದಿಗೆ ಕಮಲಾಪುರಕ್ಕೆ ಹೋದೆ. ಅತ್ತೆಯವರು ವಾಡಿಕೆಯಂತೆ ಕೇಳಿದರು, "ಬಾಳೆಹಣ್ಣು ತಿಂತೀರೇನ್ರೀ?"

"ಕೊಡ್ರಿ," ಎಂದೆ.

ಅತ್ತೆ ನಿಂತಲ್ಲೇ ನಿಂತರು. ಮನೆಯಲ್ಲಿ ಇದ್ದದ್ದು ದೇವರ ನೈವೇದ್ಯಕ್ಕೆ ತೆಗೆದಿಟ್ಟ ಹಣ್ಣು ಮಾತ್ರ. ಅಳಿಯ ಬೇಡವೆನ್ನುತ್ತಾನೆಂಬ ಧೈರ್ಯದ ಮೇಲೆ ಕೇಳಿದ್ದರು, ಪಾಪ. ತಂದುಕೊಟ್ಟರು, ತಿಂದೆ, ಅವತ್ತು ದೇವರಿಗೆ ಸಕ್ಕರೆಯೇ ಗತಿಯಾಯಿತು. "ನನ್ನ ತವರಿನಾಗ ಮಾನ ಕಳದ್ರಿ," ಎಂದು ಹೆಂಡತಿ ಹಲ್ಲು ಕಚ್ಚಿದಳು.

ಹೋದ ಮಾನವನ್ನು ಊಟದ ಹೊತ್ತಿಗೆ ಮರಳಿ ತರಲು ನಿರ್ಧರಿಸಿದೆ. ಒಳಗಿನಿಂದ ಹೋಳಿಗೆಯ ಘಮ ಬರುತ್ತಿತ್ತು. "ಏಳ್ರಿ, ತಾಟು ಹಾಕೀನಿ," ಎಂದರು ಅತ್ತೆ. "ಬ್ಯಾಡ್ರೀ, ಹಸಿವಿಲ್ಲ," ಎಂದು ಗಂಭೀರವಾಗಿ ಹೇಳಿ, ಜಗ್ಗಲು ಅನುಕೂಲವಾಗಲೆಂದು ಕೈಯನ್ನು ಸ್ವಲ್ಪ ಮುಂದೆಯೇ ಇಟ್ಟೆ.

"ಯಾರೂ ಜುಲುಮಿ ಮಾಡಬ್ಯಾಡ್ರಿ," ಎಂದು ಅತ್ತೆ ನನ್ನ ತಾಟು ಎತ್ತಿದರು. "ಪರದೇಶ ನೋಡಿ ಬಂದಾರ. ಈಗ ಅಳಿಯಂದ್ರು ಮನಸಿನಾಗ ಇದ್ದದ್ದೇ ಹೇಳ್ತಾರ."

ಎಲ್ಲರೂ ಗೋಡೆಯುದ್ದಕ್ಕೂ ಸುತ್ತಲೂ ಕೂತು ಉಣ್ಣತೊಡಗಿದರು. ನಾನೊಬ್ಬನೇ ನಡುವೆ ಕುರ್ಚಿಯ ಮೇಲೆ. ಮಾವನವರು ತುಪ್ಪದ ಬೆರಳು ಚೀಪುತ್ತ ಕೇಳಿದರು, "ಅದೇನೋ ನಡುಗಡ್ಡಿ ನೋಡಿ ಬಂದ್ರಂತಲ್ಲ, ಹೆಂಗಿರ್ತಾವ್ರೀ?"

"ಹಿಂಗೇ ಇರ್ತಾವ್ರೀ ಮಾವಾ," ಎಂದೆ.

ಅವರು ತಲೆದೂಗಿ, 'ಬ್ಯಾಡ ಬ್ಯಾಡ' ಎನ್ನುತ್ತಲೇ ಇನ್ನೆರಡು ಹೋಳಿಗೆ ಹಾಕಿಸಿಕೊಂಡರು.